ಕೆಲಸ ಬಿಟ್ಟು ಚಟ್ನಿಪುಡಿ ವ್ಯಾಪಾರ ಶುರು ಮಾಡಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ (ದಾವಣಗೆರೆಯಿಂದ)

ನಾನು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅತ್ತೆ ಮಾಡುವ ಶೇಂಗಾ, ಅಗಸಿ ಚಟ್ನಿಪುಡಿ ಅಂದರೆ ನೆಂಟರಿಗೆಲ್ಲ ಪ್ರಾಣ. ಇದನ್ನೇ ಉದ್ಯೋಗ ಮಾಡಿಕೊಳ್ಳೋಣ ಅಂತ ಆಸೆ. ಆದರೆ ನನಗೆ ಮಾತು ಕಡಿಮೆ, ಸಂಕೋಚ ಜಾಸ್ತಿ. ಉದ್ಯಮಿ ಆಗೋಕೆ ಎದೆಗಾರಿಕೆ ಬೇಕು, ಮಾತುಗಾರಿಕೆ ಬೇಕು ಅಂತಾರೆ. ನನ್ನಂಥವರಿಗೆ ಆಗುತ್ತಾ?

ಉತ್ತರ (ಧಾರವಾಡದಿಂದ)

ತಂಗಿ, ನಾನೂ ಇದೇ ವ್ಯಾಪಾರದಲ್ಲಿದ್ದೇನೆ. ಮಾತು ಕಡಿಮೆ ಅಂತ ಹೆದರಬೇಡಿ. ಪುಡಿ ರುಚಿಯಾಗಿದ್ದರೆ ಅಂಗಡಿಯವರು ತಾವೇ ಕೇಳಿ ಇಟ್ಟುಕೊಳ್ಳುತ್ತಾರೆ. ಕಷ್ಟ ಇರುವುದು ಆಮೇಲೆ. ಕೊಟ್ಟ ಮಾಲಿನ ದುಡ್ಡು ಕೇಳಬೇಕಲ್ಲ, ಅಲ್ಲಿ ಸಂಕೋಚ ಬಿಡಬೇಕು. ಈ ಒಂದು ಗುಣ ಇಲ್ಲದೆ ಒಳ್ಳೊಳ್ಳೆ ಕೈರುಚಿಯವರು ಬಾಗಿಲು ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಎಷ್ಟೋ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಇರುತ್ತದೆ. ಅದು ಗಿರಾಕಿಗೆ. ನಿಮ್ಮ ಹತ್ತಿರ ಮಾತ್ರ ಅವರು ಉದ್ರಿಯಲ್ಲೇ ಮಾಲು ತಗೋತಾರೆ. ಮುಂದಿನ ವಾರ ಬನ್ನಿ ಅಂತಾರೆ. ಹೋಗಲೇಬೇಕು, ಹೇಳಿದ ದಿನವೇ ಹೋಗಬೇಕು. ಬೆಳಗ್ಗೆ ಬೋಣಿ ಆಗುವ ಮುಂಚೆ ಕೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಮಂಗಳವಾರ, ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಗಲ್ಲಾದಿಂದ ದುಡ್ಡು ಕೊಡದವರೂ ಇದ್ದಾರೆ. ಮಧ್ಯಾಹ್ನ ಮೂರು ನಾಲ್ಕರ ಹೊತ್ತು ಒಳ್ಳೆಯದು. ಗಿರಾಕಿ ಕಡಿಮೆ ಇರುತ್ತಾರೆ. ಬಿಲ್ ಪುಸ್ತಕ ತೆಗೆದು ಕೌಂಟರ್ ಮೇಲಿಡಿ. "ಅಣ್ಣಾ, ಹಿಂದಿನ ಬಿಲ್ಲು ಬಾಕಿ ಇದೆ, ಅದು ಚುಕ್ತಾ ಆದರೆ ಹೊಸ ಮಾಲು ಇಳಿಸ್ತೀನಿ" ಅನ್ನಿ. ಅಷ್ಟು ಹೇಳಿ ಅಲ್ಲೇ ನಿಂತುಕೊಳ್ಳಿ. ದನಿ ಏರಿಸುವುದು ಬೇಡ, ಕಾರಣ ಹೇಳುವುದೂ ಬೇಡ. ಮಾತು ಕಡಿಮೆ ಇರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ, ನಿಜವಾಗಿ ಹೇಳ್ತೀನಿ.

ನೆಂಟರ ವಿಷಯ ಇನ್ನೂ ಸೂಕ್ಷ್ಮ. ಇಷ್ಟು ದಿನ ಡಬ್ಬಿ ತುಂಬಿ ಸುಮ್ನೆ ಕೊಟ್ಟಿದ್ದೀರಿ. ಇನ್ನು ಮುಂದೆ ದುಡ್ಡು ಅಂತ ಅತ್ತೆಯ ಬಾಯಲ್ಲೇ ಹೇಳಿಸಿ. ಹಿರಿಯರು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಲೆಕ್ಕ ನಿಮಗೆ ಗೊತ್ತಿದೆ, ಅರ್ಧ ಗೆದ್ದಂತೆ. ಆದರೂ ಒಂದು ಮಾತು. 200 ಗ್ರಾಂ ಪ್ಯಾಕೆಟ್ಟಿಗೆ 80 ರೂಪಾಯಿ ಇಟ್ಟಿರಿ ಅನ್ನಿ. ಅಂಗಡಿಗೆ ನೂರಕ್ಕೆ 20 ಬಿಟ್ಟರೆ ಕೈಗೆ ಬರುವುದು 64. ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸು, ಪೌಚು, ಲೇಬಲ್ ಎಲ್ಲ ಸೇರಿ 45 ಆದರೆ ಉಳಿದಿದ್ದು 19. ಅದರಲ್ಲೇ ಆಟೋ ಬಾಡಿಗೆ, ವಾಪಸ್ ಬಂದ ಪ್ಯಾಕೆಟ್ಟು. ನಿಮ್ಮ ಕೂಲಿ, ಅತ್ತೆಯ ಕೂಲಿ ಎಲ್ಲಿ? ಬಹಳ ಹೆಂಗಸರು ಅದನ್ನು ಬರೆಯುವುದೇ ಇಲ್ಲ, ಮನೆ ಕೆಲಸದ ಜೊತೆ ಆಯ್ತಲ್ಲ ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಬರೆಯಿರಿ. ನಾಳೆ ಆರ್ಡರ್ ಹೆಚ್ಚಾಗಿ ಆಳು ಇಟ್ಟರೆ ಸಂಬಳ ಕೊಡಲೇಬೇಕಲ್ವಾ?

ಉತ್ತರ (ಹಾಸನದಿಂದ, ದಿನಸಿ ಅಂಗಡಿ)

ಅಂಗಡಿಯ ಕಡೆಯಿಂದ ಹೇಳುತ್ತೇನೆ. ಮೇಲಿನ ಅಕ್ಕ ಬರೆದಿದ್ದು ಸರಿ, ದುಡ್ಡು ಕೇಳುವವರಿಗೇ ನಾವು ಮೊದಲು ಕೊಡುವುದು. ಅದರ ಜೊತೆ ನಾನು ನೋಡುವುದು, ಹೋದ ಸಲದ ರುಚಿಯೇ ಈ ಸಲವೂ ಇದೆಯಾ ಅಂತ. ಕೈ ಅಳತೆಯಲ್ಲಿ ಮಾಡಿದರೆ ಒಂದು ಸಲ ಉಪ್ಪು ಮುಂದೆ, ಒಂದು ಸಲ ಖಾರ ಮುಂದೆ. ಅತ್ತೆ ಮಾಡುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಶೇಂಗಾ ಪುಡಿ ಹಳೆಯದಾದರೆ ಎಣ್ಣೆ ಕಮಟು ವಾಸನೆ ಬರುತ್ತದೆ. ಅಂಥದ್ದನ್ನು ಮಾತಿಲ್ಲದೆ ವಾಪಸ್ ತೆಗೆದುಕೊಂಡು ಹೋಗುವವರ ಮಾಲು ಇಡುವುದನ್ನು ನಾನು ನಿಲ್ಲಿಸುವುದಿಲ್ಲ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ಇಳಿಸಿದಾಗ ಬೆಂಗಳೂರಿನ ಎಂಟಿಆರ್ ಹೋಟೆಲ್‌ನವರು ಗುಣಮಟ್ಟ ಇಳಿಸಲಿಲ್ಲ. ರೆಡಿಮೇಡ್ ಮಿಕ್ಸ್, ಪುಡಿಗಳ ಕಡೆ ತಿರುಗಿದರು. ಇವತ್ತು ನಮ್ಮ ಅಂಗಡಿಯಲ್ಲಿ ಅವರಿಗೊಂದು ಸಾಲೇ ಇದೆ. ಎದೆಗಾರಿಕೆ ಅಂದರೆ ನನಗೆ ನೆನಪಾಗುವುದು ಅದೇ.

ಉತ್ತರ (ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ)

ಕೆಲಸ ಇವತ್ತೇ ಬಿಡಬೇಡಿ ಅಮ್ಮಾ. ಶನಿವಾರ, ಭಾನುವಾರ ಮಾಡಿ ನೋಡಿ, ಅಂಗಡಿಗಳಿಂದ ಮರು ಆರ್ಡರ್ ಬರಲಿ. ಬ್ಯಾಂಕಿನಲ್ಲಿ ನಾವು ಹುಡುಕುತ್ತಿದ್ದುದೂ ಅದನ್ನೇ. ಹೊಸ ಗಿರಾಕಿಗಿಂತ ತಿರುಗಿ ಬರುವ ಗಿರಾಕಿ ಮುಖ್ಯ. ಮನೆ ಖರ್ಚು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ ಬೇಡ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಮಾಡಿಸಿಕೊಂಡೇ ಮಾರಲು ಶುರು ಮಾಡಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸಿಕೊಳ್ಳುವುದು, ಪುಕ್ಕಟೆ, ಸರ್ಕಾರಿ ಪೋರ್ಟಲ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಅದರಿಂದ ಒಂದು ಲಾಭವಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ನಿಮ್ಮಿಂದ ಮಾಲು ಕೊಂಡವರು ಒಪ್ಪಂದ ಏನೇ ಇದ್ದರೂ 45 ದಿನಕ್ಕಿಂತ ಜಾಸ್ತಿ ದುಡ್ಡು ತಡೆಹಿಡಿಯುವಂತಿಲ್ಲ. ಸಣ್ಣ ಅಂಗಡಿಯ ಮೇಲೆ ಕಾನೂನು ತೋರಿಸಬೇಡಿ, ಸಂಬಂಧ ಕೆಡುತ್ತದೆ. ದೊಡ್ಡ ಮಳಿಗೆಗಳಿಗೆ ಕೊಡುವಾಗ ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ.

ತರಬೇತಿ ಬೇಕಿದ್ದರೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು. ಅದೇ ಮಾದರಿಯ, ಬ್ಯಾಂಕುಗಳು ನಡೆಸುವ ಆರ್‌ಸೆಟಿ ತರಬೇತಿ ಕೇಂದ್ರಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಊಟ, ವಸತಿ ಎಲ್ಲ ಉಚಿತ. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಬ್ಯಾಂಕ್) ಕಚೇರಿಯಲ್ಲಿ ಮುಂದಿನ ಬ್ಯಾಚ್ ಯಾವಾಗ ಅಂತ ವಿಚಾರಿಸಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.