ಬುಗುರಿಯ ದಾರಕ್ಕೆ ‘ಚಾಟಿ’ ಅಂತ ಯಾಕನ್ನುತ್ತೇವೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದಲೂ ಬುಗುರಿ ಆಡಿಸುತ್ತಾ, ಕೈಯಾರೆ ಮಾಡುತ್ತಾ ಬಂದವನು ನಾನು. ಈಗಲೂ ಒಳ್ಳೆಯ ಸೀಬೆ ಕೊಂಬೆ ಕಂಡರೆ ಬಿಡುವುದಿಲ್ಲ. ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ಬುಗುರಿಗೆ ಸುತ್ತುವ ದಾರಕ್ಕೆ ನಮ್ಮ ಕಡೆ ಚಾಟಿ ಅನ್ನುತ್ತೇವೆ. ಎತ್ತಿಗೆ, ಕುದುರೆಗೆ ಬೀಸುವುದೂ ಚಾಟಿಯೇ. ಆದರೆ ಎರಡರ ಕೆಲಸ ಬೇರೆ ಅಲ್ವಾ? ಬುಗುರಿಯ ಚಾಟಿ ಹೊಡೆಯುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ತುದಿಗೆ ಎಂಜಲು ಹಚ್ಚಿ ಮೊಳೆಯ ಬುಡಕ್ಕೆ ಒತ್ತಿ ಹಿಡಿದು, ಅಲ್ಲಿಂದ ಮೇಲಕ್ಕೆ ಗೀರುಗಳ ಮೇಲೆ ಬಿಗಿಯಾಗಿ ಸುತ್ತುತ್ತೇವೆ. ಇನ್ನೊಂದು ತುದಿಗೆ ಗಂಟು, ಇಲ್ಲವೇ ತಟ್ಟಿ ಚಪ್ಪಟೆ ಮಾಡಿದ ಸೋಡಾ ಮುಚ್ಚಳ. ಅದು ಬೆರಳ ಸಂದಿಯಲ್ಲಿ ನಿಲ್ಲುತ್ತದೆ. ದಾರ ಮಾತ್ರ ಹುರಿ ಮಾಡಿದ ಹತ್ತಿಯದ್ದೇ ಆಗಬೇಕು. ನೈಲಾನ್ ಜಾರುತ್ತದೆ, ಬುಗುರಿಗೆ ವೇಗ ಸಿಗುವುದಿಲ್ಲ.

ಹಾಗಾದರೆ ಈ ಹೆಸರು ಎಲ್ಲಿಂದ ಬಂತು? ನನಗೆ ತೋಚುವುದು ಎರಡು ದಾರಿ. ಬುಗುರಿ ಬೀಸಿದ ಕೂಡಲೇ ಕೈಯನ್ನು ಹಿಂದಕ್ಕೆ ಜಗ್ಗುತ್ತೇವೆ. ಗಾಡಿ ಹೊಡೆಯುವವರು ಚಾಟಿ ಝಳಪಿಸುವುದೂ ಹೆಚ್ಚುಕಡಿಮೆ ಹಾಗೆಯೇ. ಆ ಕೈಚಳಕದಿಂದಲೇ ಹೆಸರು ಬಂದಿರಬಹುದು.

ಇನ್ನೊಂದು ದಾರಿ ನನಗೆ ಜಾಸ್ತಿ ಕುತೂಹಲದ್ದು. ನಿಜವಾದ ಚಾಟಿಯಲ್ಲೇ ಹೊಡೆದು ಆಡಿಸುವ ಬುಗುರಿಗಳೂ ಇವೆ. ಕೋಲಿಗೆ ಕಟ್ಟಿದ ದಾರ ಬುಗುರಿಯ ಮೈಗೆ ಬಡಿದು, ಸುತ್ತಿಕೊಂಡು, ಬಿಡಿಸಿಕೊಳ್ಳುವಾಗ ಅದನ್ನು ತಿರುಗಿಸುತ್ತದೆ. ಹೊಡೆಯುತ್ತಾ ಇದ್ದರೆ ಬುಗುರಿ ಬೀಳುವುದೇ ಇಲ್ಲ. ಚೀನಾದ ಪಾರ್ಕುಗಳಲ್ಲಿ ವಯಸ್ಸಾದವರು ಇವತ್ತಿಗೂ ಹೀಗೆ ಆಡುತ್ತಾರೆ. ಯುರೋಪಿನ ಚಿತ್ರಕಾರ ಪೀಟರ್ ಬ್ರೂಗೆಲ್ 1560ರಲ್ಲಿ ಬಿಡಿಸಿದ ಮಕ್ಕಳಾಟಗಳ ದೊಡ್ಡ ಚಿತ್ರದಲ್ಲೂ ಚಾಟಿ ಹಿಡಿದು ಬುಗುರಿ ಆಡಿಸುವ ಹುಡುಗರಿದ್ದಾರೆ. ನಮ್ಮಲ್ಲೂ ಇಂಥ ಆಟ ಇದ್ದು, ಆಟ ಹೋಗಿ ಹೆಸರು ಮಾತ್ರ ಉಳಿದಿರಬಹುದೇ?

ತಮಿಳಿನಲ್ಲೂ ಪಂಬರದ (ಬುಗುರಿಯ) ದಾರಕ್ಕೆ ‘ಸಾಟ್ಟೈ’ ಅನ್ನುತ್ತಾರೆ. ಹೊಡೆಯುವ ಚಾಟಿಗೂ ಅದೇ ಪದ. ಎರಡೂ ನುಡಿಗಳಲ್ಲಿ ಇದೇ ಜೋಡಿ ಅರ್ಥ ಇರುವಾಗ, ಸುಮ್ನೆ ಒಂದು ಊರಿನ ಹುಡುಗರು ಕಟ್ಟಿದ ಮಾತಲ್ಲ ಅನ್ನಿಸುತ್ತದೆ.

‘ಗುನ್ನ’ ಪದದ್ದು ಬೇರೆ ಕಥೆ. ಸೋತವನ ಬುಗುರಿಗೆ ಮೊಳೆಯಿಂದ ಕುಟ್ಟಿ ಮಾಡುವ ಗಾಯ ಅದು. ಈಗ ‘ಅವನಿಗೆ ಸರಿಯಾಗಿ ಗುನ್ನ ಇಟ್ಟರು’ ಅನ್ನುವವರಲ್ಲಿ ಎಷ್ಟೋ ಜನ ಬುಗುರಿ ಮುಟ್ಟಿರುವುದಿಲ್ಲ. ಗುನ್ನ ಆಟದಿಂದ ಬೀದಿಗೆ ಹೋಯಿತು ಅಂತ ನಾನು ನಂಬಿದ್ದೇನೆ. ಚಾಟಿ ಬೀದಿಯಿಂದ ಆಟಕ್ಕೆ ಬಂದಿರಬೇಕು.

ಉತ್ತರ ಕರ್ನಾಟಕದಲ್ಲಿ ಬಗರಿ ಅನ್ನುವವರು ಅದರ ದಾರಕ್ಕೆ ಏನನ್ನುತ್ತೀರಿ? ಕೋಲಾರ, ಬಳ್ಳಾರಿ ಕಡೆ ಬೊಂಗರಂ ಆಡಿದವರು? ಕರಾವಳಿಯವರು? ಹೊಡೆದು ಆಡಿಸುವ ಬುಗುರಿಯನ್ನು ಕಂಡವರು, ಇಲ್ಲವೇ ಮನೆಯ ಹಿರಿಯರಿಂದ ಕೇಳಿದವರು ಇದ್ದರೆ ಊರಿನ ಹೆಸರು ಸಮೇತ ದಯವಿಟ್ಟು ಬರೆಯಿರಿ.