ಇಎಲ್34 ಬದಲು 6ಎಲ್6 ಹಾಕಬಹುದಾ?

ಪ್ರಶ್ನೆ:
ನನ್ನ 50 ವ್ಯಾಟ್ ಗಿಟಾರ್ ಆಂಪ್‌ನಲ್ಲಿ ಸದ್ದನ್ನು ಜೋರು ಮಾಡುವ ಎರಡು ಇಎಲ್34 ಗಾಜಿನ ಟ್ಯೂಬ್‌ಗಳಿವೆ. ಆರು ವರ್ಷದಿಂದ ಅವೇ ಇವೆ. ಈಗ ದಪ್ಪ ತಂತಿಗಳ ಸದ್ದು ಮಂಕಾಗಿದೆ. ಒಂದು ಟ್ಯೂಬಿನ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಗೆ ಹೊಳೆಯುತ್ತದೆ. ಬದಲಿಗೆ 6ಎಲ್6 ಹಾಕಲೇ? ಅದರ ತಿಳಿಯಾದ ಸದ್ದು ನನಗೆ ತುಂಬಾ ಇಷ್ಟ.

ಉತ್ತರ 1:
ಕೆಂಪಗಾಗುತ್ತಿದ್ದರೆ ತಕ್ಷಣ ಆಫ್ ಮಾಡಿ. ತಣ್ಣಗಾದ ಮೇಲೆ ಎರಡರ ಜಾಗ ಅದಲುಬದಲು ಮಾಡಿ, ಸ್ವಲ್ಪ ಹೊತ್ತು ಮಾತ್ರ ನೋಡಿ. ಆ ಕೆಂಪು ಬಣ್ಣ ಟ್ಯೂಬಿನ ಜೊತೆ ಹೋದರೆ ಟ್ಯೂಬ್ ಕೆಟ್ಟಿದೆ. ಅದೇ ಸಾಕೆಟ್‌ನಲ್ಲಿ ಉಳಿದರೆ ಆ ಕಡೆ ಬಯಾಸ್ (ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ನೆಗೆಟಿವ್ ವೋಲ್ಟೇಜ್) ಸಿಗುತ್ತಿಲ್ಲ. ಆಗ ಹೊಸ ಟ್ಯೂಬ್ ಹಾಕಿದರೂ ಸುಮ್ನೆ ಸುಡುತ್ತದೆ.

ಉತ್ತರ 2:
6ಎಲ್6 ಅದೇ ಸಾಕೆಟ್‌ನಲ್ಲಿ ಕೂರುತ್ತದೆ, ನಿಜ. ಆದರೆ ಅದಕ್ಕೆ ಜಾಸ್ತಿ ನೆಗೆಟಿವ್ ಬಯಾಸ್ ಬೇಕು. ನಿಮ್ಮ ಆಂಪ್‌ನಲ್ಲಿ ಅಷ್ಟು ತಿರುಗಿಸಲು ಅವಕಾಶ ಇಲ್ಲದಿದ್ದರೆ ಕೈಬಿಡಿ. ನಾನಾದರೆ ಇಎಲ್34 ಮ್ಯಾಚ್ಡ್ ಜೋಡಿಯನ್ನೇ (ಒಂದೇ ಸಮ ಕರೆಂಟ್ ಎಳೆಯುವ ಎರಡು ಟ್ಯೂಬ್) ಹಾಕುತ್ತೇನೆ. ಆಂಪ್ ಫಿಕ್ಸೆಡ್ (ಬೇರೆಯಾಗಿ ಕೊಡುವ) ಬಯಾಸ್‌ದು ಅಲ್ವಾ? ಇಎಲ್34 ಪ್ಲೇಟಿನ ಮಿತಿ 25 ವ್ಯಾಟ್, ನುಡಿಸದೆ ಇರುವಾಗ ಅದರ 70 ಶೇಕಡಾ, ಅಂದರೆ 17.5 ವ್ಯಾಟ್ ಸಾಕು. ಪ್ಲೇಟ್ ವೋಲ್ಟೇಜ್ 450 ಇದ್ದರೆ ಒಂದು ಟ್ಯೂಬಿಗೆ ಸುಮಾರು 39 ಮಿಲಿಆಂಪ್. ಇದನ್ನು ದಾಟಬೇಡಿ. ಒಳಗಿನ ಕೆಪಾಸಿಟರ್‌ಗಳು ಆಫ್ ಮಾಡಿದ ಮೇಲೂ ಜೀವ ತೆಗೆಯಬಲ್ಲವು. ಅಭ್ಯಾಸವಿಲ್ಲದಿದ್ದರೆ ಟೆಕ್ನಿಷಿಯನ್ ಕೈಗೆ ಕೊಡಿ.

ಪ್ರಶ್ನೆ ಕೇಳಿದವರು:
ಜಾಗ ಬದಲಿಸಿ ನೋಡಿದೆ. ಕೆಂಪು ಅದೇ ಸಾಕೆಟ್‌ನಲ್ಲೇ ಉಳಿಯಿತು. ಮೊದಲು ಅದನ್ನು ರಿಪೇರಿ ಮಾಡಿಸುತ್ತೇನೆ. ತುಂಬಾ ಥ್ಯಾಂಕ್ಸ್!