ಡಬಲ್ ಮಾರ್ಕರ್‌ನಲ್ಲಿ 1:180 ಬಂದಿದೆ, ಮುಂದೇನು?

ಕೋಥ್ರೂಡ್ ಕನ್ನಡತಿ:
ಪುಣೆಯಲ್ಲಿದ್ದೇವೆ, ಊರು ಧಾರವಾಡ. ನನಗೆ 34, ಮೊದಲ ಬಸಿರು, ಈಗ 13 ವಾರ. ಸ್ಕ್ಯಾನ್‌ನಲ್ಲಿ ಎನ್‌ಟಿ (ಮಗುವಿನ ಕುತ್ತಿಗೆ ಹಿಂದಿನ ನೀರಿನ ಪದರದ ದಪ್ಪ) 1.8 ಮಿ.ಮೀ., ಮೂಗಿನ ಎಲುಬು ಕಾಣ್ತಿದೆ, ಎಲ್ಲ ಸರಿ ಅಂದರು. ಆದರೆ ಡಬಲ್ ಮಾರ್ಕರ್ ರಕ್ತಪರೀಕ್ಷೆಯೊಂದಿಗೆ ಸೇರಿಸಿದಾಗ ಟ್ರೈಸೋಮಿ 21ಕ್ಕೆ (ಡೌನ್ ಸಿಂಡ್ರೋಮ್, ಅಂದರೆ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು) 1:180, ಕೆಂಪು ಅಕ್ಷರದಲ್ಲಿ 'ಹೈ ರಿಸ್ಕ್'. ಡಾಕ್ಟರು "ಎನ್‌ಐಪಿಟಿ (ತಾಯಿಯ ರಕ್ತದಲ್ಲಿ ಡಿಎನ್‌ಎ ನೋಡುವ ಪರೀಕ್ಷೆ) ಮಾಡಿಸಿ, ಇಲ್ಲ ನೇರ ಆಮ್ನಿಯೋ (ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆದು ಪರೀಕ್ಷಿಸುವುದು)" ಅಂದು ಮುಂದಿನ ಪೇಷಂಟ್ ಕರೆದರು. ಅತ್ತೆ "ನಮ್ಮ ಮನೆತನದಾಗ ಯಾರಿಗೂ ಇಲ್ಲ, ಸುಮ್ನಿರು" ಅಂತಾರೆ. ಏನು ಮಾಡಲಿ?

ದಾದರ್ ಅಕ್ಕ:
ಮುಂಬೈನ ಒಂದು ಜೆನೆಟಿಕ್ ಲ್ಯಾಬ್‌ನಲ್ಲಿ ಕೌನ್ಸೆಲರ್ ನಾನು. ಆ ಕೆಂಪು ಅಕ್ಷರ ನೋಡಿ ಅತ್ತುಕೊಂಡು ಬರುವವರು ದಿನಾ ಇರುತ್ತಾರೆ. ನಿಮ್ಮಂಥ ರಿಪೋರ್ಟ್ ಇರುವ 180 ಜನರಲ್ಲಿ ಒಬ್ಬರ ಮಗುವಿಗೆ ಡೌನ್ ಇರಬಹುದು, 179 ಜನರದ್ದಕ್ಕೆ ಇರುವುದಿಲ್ಲ. ಅಷ್ಟೇ ಅದರ ಅರ್ಥ. 1:250ರ ಆಸುಪಾಸಿನಲ್ಲಿ ಗೆರೆ ಎಳೆದಿರುತ್ತಾರೆ, ನೀವು ಗೆರೆಯ ಈಚೆ ಬಿದ್ದಿದ್ದೀರಿ.

ಅತ್ತೆಯವರ ಮಾತು ಬಿಡಿ. ಬಹುಪಾಲು ಡೌನ್ ಮನೆತನದಿಂದ ಬರುವುದಿಲ್ಲ. ಅಂಡಾಣು ತಯಾರಾಗುವಾಗ 21ನೇ ಕ್ರೋಮೋಸೋಮ್ ಜೋಡಿ ಬಿಡಿಸಿಕೊಳ್ಳದೆ ಉಳಿದುಬಿಡುತ್ತದೆ.

ನಿಮ್ಮ ಸ್ಕ್ಯಾನ್ ಚೆನ್ನಾಗಿರುವುದರಿಂದ ಮೊದಲು ಎನ್‌ಐಪಿಟಿ ಅನ್ನುತ್ತೇನೆ. ನಿಮ್ಮ ತೋಳಿನ ರಕ್ತ ಸಾಕು, ಡೌನ್ ಇದ್ದರೆ 99% ಹಿಡಿಯುತ್ತದೆ. ಆದರೆ ಅದು ಓದುವುದು ಮಾಸು, ಅಂದರೆ ಪ್ಲಾಸೆಂಟಾದ ಡಿಎನ್‌ಎ. ಒಮ್ಮೊಮ್ಮೆ ಮಾಸಿನಲ್ಲಿ ಇದ್ದದ್ದು ಮಗುವಿನಲ್ಲಿ ಇರುವುದಿಲ್ಲ. ಹಾಗಾಗಿ ಪಾಸಿಟಿವ್ ಬಂದರೆ ಅದರ ಮೇಲೆ ಯಾವ ನಿರ್ಧಾರವೂ ಬೇಡ. 16 ವಾರಕ್ಕೆ ಆಮ್ನಿಯೋ ಮಾಡಿಸಿ. ಗರ್ಭಪಾತದ ಅಪಾಯ 1%ಗಿಂತ ಕಡಿಮೆ.

ಸಮಯದ ಲೆಕ್ಕವೂ ಇರಲಿ. ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯ ಪ್ರಕಾರ ಗರ್ಭ ತೆಗೆಸಲು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಆಮೇಲೆ 24ರವರೆಗೆ ಇಬ್ಬರದು ಬೇಕು. ಅದನ್ನೂ ದಾಟಿದರೆ ಮೆಡಿಕಲ್ ಬೋರ್ಡ್. ನೀವು 13ರಲ್ಲೇ ಇದ್ದೀರಿ, ಸಾಕಷ್ಟು ಟೈಮ್ ಇದೆ. ಹಾಂ, ಗಂಡೋ ಹೆಣ್ಣೋ ಅಂತ ರಿಪೋರ್ಟ್‌ನಲ್ಲಿ ಇರುವುದಿಲ್ಲ, ಅತ್ತೆಗೆ ಮೊದಲೇ ಹೇಳಿಬಿಡಿ!

ಡೊಂಬಿವಲಿ ಅಮ್ಮ:
ನನ್ನ ಮಗನಿಗೆ ಡೌನ್ ಇದೆ. ಅವನು ಹುಟ್ಟಿದಾಗ ನನಗೆ 26, ಯಾರೂ ಟೆಸ್ಟ್ ಹೇಳಿರಲಿಲ್ಲ. ಹೃದಯದಲ್ಲಿ ತೂತಿತ್ತು, ಕೂಸಿದ್ದಾಗಲೇ ಆಪರೇಷನ್ ಆಯಿತು. ಈ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಹೃದಯದ ತೊಂದರೆ ಇರುತ್ತದೆ. ಈಗ ಮನೆಯಲ್ಲಿ ಕನ್ನಡ, ಕೆಳಗೆ ಹುಡುಗರ ಜೊತೆ ಮರಾಠಿ. ಲೆಕ್ಕ ಬರಲ್ಲ, ವಡಾಪಾವ್ ರೇಟು ಮಾತ್ರ ಗೊತ್ತು. ಎಡ್ವರ್ಡ್ಸ್ (18ನೇ ಕ್ರೋಮೋಸೋಮ್ ಮೂರಿರುವುದು), ಪಟಾವು (13ನೆಯದು ಮೂರಿರುವುದು) ಅಂದರೆ ಬೇರೆ ಮಾತು, ಹೆಚ್ಚಿನ ಮಕ್ಕಳು ಒಂದು ವರ್ಷ ದಾಟಲ್ಲ. ಮೂರನ್ನೂ ಒಂದೇ ಅಂತ ಹೆದರಿಸುವವರ ಮಾತು ಕೇಳಬೇಡಿ. ಏನೇ ನಿರ್ಧಾರ ಮಾಡಿದರೂ ನಿಮ್ಮದೇ, ನಾನಂತೂ ತಪ್ಪು ಹುಡುಕಲ್ಲ.

ಕೋಥ್ರೂಡ್ ಕನ್ನಡತಿ:
ಇಬ್ಬರಿಗೂ ಥ್ಯಾಂಕ್ಸ್ ಅಕ್ಕಾ. ನಾಳೆ ಎನ್‌ಐಪಿಟಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ನಮ್ಮವರ ರಕ್ತವೂ ಬೇಕಾ?

ದಾದರ್ ಅಕ್ಕ:
ಎರಡೂ ಬೇಡ, ತಿಂಡಿ ತಿಂದೇ ಹೋಗಿ. ಫಾರ್ಮ್‌ನಲ್ಲಿ ಇವತ್ತಿನ ತೂಕ, ಸ್ಕ್ಯಾನ್ ಪ್ರಕಾರದ ವಾರ ಸರಿಯಾಗಿ ಬರೆಸಿ. ಡಿಎನ್‌ಎ ಸಾಲಲಿಲ್ಲ ಅಂತ ಮತ್ತೆ ರಕ್ತ ಕೇಳಿದರೆ ಗಾಬರಿ ಆಗಬೇಡಿ, ತೂಕ ಜಾಸ್ತಿ ಇರುವವರಿಗೆ ಹಾಗೆ ಆಗುವುದುಂಟು. ಎರಡನೇ ಸಲವೂ ಸಾಲದಿದ್ದರೆ ಆಮ್ನಿಯೋ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.